ಸಿರುಗುಪ್ಪದ ಮೋಡ ಎಲ್ಲಿ ಹೋಯಿತು?

ಕಳೆದ ಶ್ರಾವಣದಲ್ಲಿ ಬಳ್ಳಾರಿಯಿಂದ ಹೊರಟಾಗ ಕೋಟೆಗುಡ್ಡದ ಮೇಲೆ ದಟ್ಟ ಮೋಡ. ಕುರುಗೋಡಿನ ಬೋಳು ಬಂಡೆಬೆಟ್ಟಗಳ ನಡುವೆ ದೊಡ್ಡಬಸವೇಶ್ವರನ ದರ್ಶನ ಮಾಡಿಕೊಂಡು ಸಿರುಗುಪ್ಪಕ್ಕೆ ಹೋದೆ. ಅಲ್ಲಿ ತುಂಗಭದ್ರೆಯ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ದಿನವಿಡೀ ಬಿಸಿಲೇ ಕಾಣಲಿಲ್ಲ. ಆದರೆ ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಇದೇ ಊರುಗಳ ಮೇಲೆ ಒಂದು ತುಣುಕು ಮೋಡವೂ ಇಲ್ಲ!

ಮಕ್ಕಳೇ, ಮೋಡವನ್ನು ಅಳಿಸುವ ಒಂದು ಸುಲಭ ಉಪಾಯ ಹೇಳುತ್ತೇನೆ, ಕೇಳಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ ಅದೇ ನೆಲದ ಚಿತ್ರ ತೆಗೆಯುತ್ತದೆ. ಚಿತ್ರದ ಪುಟ್ಟ ಚೌಕ ಒಂದೊಂದೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಚೌಕದ ಹೊಳಪು ಐದು ಚಿತ್ರಗಳಲ್ಲಿ 42, 40, 250, 45, 43 ಎಂದುಕೊಳ್ಳಿ. 250 ಬಂದ ದಿನ ಬಿಳಿ ಮೋಡ ಅಡ್ಡ ಬಂದಿತ್ತು. ಸರಾಸರಿ ತೆಗೆದರೆ 84. ಒಂದೇ ಮೋಡ ಇಡೀ ಲೆಕ್ಕ ಕೆಡಿಸಿತು! ಅದರ ಬದಲು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಆರಿಸಿ: 43. ಮೋಡ ಒಂದು ತುದಿಗೆ, ಅದರ ಕಪ್ಪು ನೆರಳು ಇನ್ನೊಂದು ತುದಿಗೆ ಸರಿದುಬಿಡುತ್ತವೆ. ನಿಮ್ಮ ಗಣಿತದ 'ಮಧ್ಯಾಂಕ' ಇದೇ. ಅರ್ಧಕ್ಕಿಂತ ಹೆಚ್ಚು ಚಿತ್ರಗಳಲ್ಲಿ ನೆಲ ಕಂಡಿದ್ದರೆ ಸಾಕು. ಚೌಕ ಚೌಕಕ್ಕೂ ಕಂಪ್ಯೂಟರ್ ಹೀಗೆ ಆರಿಸುತ್ತಾ ಹೋಗುತ್ತದೆ.

ಕುರುಗೋಡಿನ ಬಂಡೆಗೆ ಈ ಲೆಕ್ಕ ಸರಿ. ಬೇಸಿಗೆಗೂ ಮಳೆಗಾಲಕ್ಕೂ ಅದು ಅದೇ ಬಂಡೆ. ಸಿರುಗುಪ್ಪದ ಗದ್ದೆ ಹಾಗಲ್ಲ. ನಾಟಿಯ ದಿನ ಕೆಸರುನೀರು, ಆಮೇಲೆ ಹಸಿರು, ಕೊಯ್ಲಿಗೆ ಹೊನ್ನಿನ ಬಣ್ಣ. ವರ್ಷದ ಚಿತ್ರಗಳನ್ನೆಲ್ಲ ಒಟ್ಟು ಮಾಡಿ ನಡುವಿನದನ್ನು ಆರಿಸಿದರೆ ಮೋಡದ ಜೊತೆ ಬೆಳೆಯ ಕಥೆಯೂ ಅಳಿಸಿಹೋಗುತ್ತದೆ. ಹೊಳೆ ಉಕ್ಕಿ ನಾಲ್ಕು ದಿನ ಪೈರು ಮುಳುಗಿದ್ದರೂ ಆ ಚಂದದ ಚಿತ್ರದಲ್ಲಿ ಕಾಣದು. ಬೆಳೆ ಕಳೆದುಕೊಂಡ ರೈತನಿಗೆ ಬೇಕಾದದ್ದು ಆ ನಾಲ್ಕು ದಿನದ ಚಿತ್ರವೇ.

ಅದಕ್ಕೆ ಇರುವುದು ರೇಡಾರ್ ಉಪಗ್ರಹ. 2022ರ ಫೆಬ್ರುವರಿ 14ರಂದು ಇಸ್ರೋ ಶ್ರೀಹರಿಕೋಟಾದಿಂದ ಹಾರಿಸಿದ ಇಒಎಸ್-04 ಅಂಥದ್ದು. ಅದು ತಾನೇ ರೇಡಿಯೊ ಅಲೆ ಕಳಿಸಿ, ಮರಳಿ ಬಂದದ್ದನ್ನು ಹಿಡಿಯುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಅದಕ್ಕೆ ಅಡ್ಡಿಯಲ್ಲ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಬೇರೆಡೆಗೆ ತಿರುಗಿಸುವುದರಿಂದ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಮುಳುಗಿದ ಗದ್ದೆಯ ಗುರುತು ಸಿಗುವುದು ಹೀಗೆ.

ನಿಮ್ಮೂರಿನ ಉಪಗ್ರಹ ಚಿತ್ರ ನೋಡುವಾಗ ಅಜ್ಜ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ. ಚಿತ್ರದಲ್ಲಿ ಇಲ್ಲದ್ದು ಅವರಿಗೆ ನೆನಪಿರುತ್ತದೆ.