ಮಸ್ಕಿಯ ಬಂಡೆಗೆ ಲಕ್ಷದ ಲೆನ್ಸೇ?

ಸಿಂಧನೂರಿನಲ್ಲಿ ಬಿ.ಎ. ಓದುವ ನನ್ನ ಅಣ್ಣನ ಮಗನಿಗೆ ಫೋಟೊ ಹುಚ್ಚು. ಪರಿಚಯದವರೊಬ್ಬರು ಕೊಟ್ಟ ಹಳೆಯ ಲೈಕಾ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಈಗ 21 ಮಿ.ಮೀ. ಸಮ್ಮಿಲಕ್ಸ್ ಲೆನ್ಸು ಬೇಕಂತೆ. 2008ರಲ್ಲಿ ಬಂದ ಈ ಎಫ್/1.4 ಲೆನ್ಸಿಗೆ ಹಲವು ಲಕ್ಷ ರೂಪಾಯಿ. ‘ಕಾಕಾ, ಮಸ್ಕಿ ಶಾಸನದ ಹತ್ತಿರ ಬೆಳಕೂ ಕಡಿಮಿ, ಜಾಗಾನೂ ಕಡಿಮಿ’ ಅಂದ. ಭತ್ತದ ಲೆಕ್ಕ ನೋಡುತ್ತಿದ್ದ ಅಣ್ಣ ಸುಮ್ಮನಾದ.

ಹುಡುಗನ ಮಾತು ಸುಳ್ಳಲ್ಲ. ಎಫ್/2.8ಕ್ಕಿಂತ ಎಫ್/1.4ರಲ್ಲಿ ನಾಲ್ಕು ಪಟ್ಟು ಬೆಳಕು ಒಳಬರುತ್ತದೆ. ಸೆಕೆಂಡಿನ 1/15 ಭಾಗ ಬೇಕಾದಲ್ಲಿ 1/60 ಸಾಕು. ಕೈನಡುಕ ಚಿತ್ರ ಕೆಡಿಸದು. ಜಾತ್ರೆಯ ರಾತ್ರಿ ಓಡಾಡುವ ಜನರನ್ನು ಹಿಡಿಯಲು ಇದು ವರವೇ ಸರಿ.

ಆದರೆ ಬಂಡೆ ಓಡುವುದಿಲ್ಲವಲ್ಲ! 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ, ‘ಅಶೋಕ’ನ ಹೆಸರನ್ನೇ ಜಗತ್ತಿಗೆ ತೋರಿಸಿದ ಶಾಸನವದು. ಅಷ್ಟು ಹತ್ತಿರದಿಂದ ಎಫ್/1.4ರಲ್ಲಿ ತೆಗೆದರೆ ಉಬ್ಬುತಗ್ಗಿನ ಕಲ್ಲಿನಲ್ಲಿ ಕೆಲವು ಅಕ್ಷರ ಸ್ಪಷ್ಟ, ಉಳಿದವು ಮಸುಕು. ಪುರಾತತ್ವ ಇಲಾಖೆಯ ಅನುಮತಿ ಪಡೆದು, ಟ್ರೈಪಾಡ್ ಇಟ್ಟು, ಎಫ್/8ರಲ್ಲಿ ನಿಧಾನವಾಗಿ ತೆಗೆದರೆ ಸಾದಾ ಲೆನ್ಸೂ ಸಾಕು. ಓರೆಯಾಗಿ ಬಿದ್ದ ಬೆಳಕೇ ಅಕ್ಷರವನ್ನು ಎತ್ತಿ ತೋರಿಸುತ್ತದೆ.

ಮಕ್ಕಳು ದುಬಾರಿ ವಸ್ತು ಕೇಳಿದಾಗ ‘ಬೇಡ’ ಎನ್ನುವ ಮೊದಲು ‘ಯಾವ ಕೆಲಸಕ್ಕೆ?’ ಎಂದು ಕೇಳಿ ನೋಡಿ. ಉತ್ತರ ಹುಡುಕುವುದೂ ಒಂದು ಓದೇ.