ಗದ್ದಲದ ನಡುವೆ ಧ್ಯಾನ

ಧ್ಯಾನವೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಹಿಮಾಲಯದ ಗುಹೆ, ವ್ಯಾಘ್ರಾಜಿನ, ಜಟಾಧಾರಿಯಾದ ಮುನಿ. ಒಂದೇ ಕೋಣೆಯಲ್ಲಿ ಅಡಿಗೆ, ಓದು, ನಿದ್ರೆಗಳೆಲ್ಲವನ್ನೂ ನಡೆಸಬೇಕಾದ ಮುಂಬಯಿಗರಿಗೆ ಅಂಥ ಏಕಾಂತವೆಲ್ಲಿಯದು?

ಆದರೆ ಬೌದ್ಧರ ಸತಿಪಟ್ಠಾನ ಸುತ್ತವು ಅರಣ್ಯವನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ನಡೆಯುವಾಗ, ನಿಲ್ಲುವಾಗ, ಉಣ್ಣುವಾಗ, ಮಾತನಾಡುವಾಗಲೂ ಎಚ್ಚರವಿರಲಿ ಎನ್ನುತ್ತದೆ. ಬರ್ಮಾದಿಂದ ಬಂದ ಸತ್ಯನಾರಾಯಣ ಗೋಯೆಂಕಾ ಅವರು ಭಾರತದಲ್ಲಿ ತಮ್ಮ ಮೊದಲ ವಿಪಶ್ಯನಾ ಶಿಬಿರವನ್ನು 1969ರಲ್ಲಿ ನಡೆಸಿದುದೂ ಈ ಗದ್ದಲದ ನಗರದಲ್ಲಿಯೇ. ಅವರ ಮೊದಲ ಪಾಠ ಸರಳವಾದುದು: ಮೂಗಿನಲ್ಲಿ ಸಹಜವಾಗಿ ಬಂದುಹೋಗುವ ಉಸಿರನ್ನು ಬದಲಿಸದೆ ಗಮನಿಸುವುದು; ಮನಸ್ಸು ಅಲೆದರೆ ಬೇಸರಿಸದೆ ಮರಳಿ ತರುವುದು.

ಈ ಪಾಠವನ್ನು ನಾವು ಅಜ್ಜಿಯ ಮೊರದಲ್ಲಿಯೂ ಕಂಡಿದ್ದೇವೆ. ಅಕ್ಕಿ ಆರಿಸುವಾಗ ಕಲ್ಲು ಸಿಕ್ಕಿದರೆ ಅವರು ಸಿಟ್ಟಾಗುವುದಿಲ್ಲ. ತೆಗೆದಿಟ್ಟು ಮುಂದಿನ ಕಾಳನ್ನು ನೋಡುತ್ತಾರೆ. ದಾದರಿನ ಸೇತುವೆಯ ಮೇಲೆ ಜನಪ್ರವಾಹ ನಮ್ಮನ್ನು ನೂಕುವಾಗ, ಪರೀಕ್ಷೆಯ ಪ್ರಶ್ನಪತ್ರಿಕೆ ಕೈಗೆ ಬರುವಾಗ, ನಾವೂ ಹಾಗೆಯೇ ಭಯವೆಂಬ ಕಲ್ಲನ್ನು ಬದಿಗಿಟ್ಟು ಮುಂದಿನ ಉಸಿರಿಗೆ ಮರಳುತ್ತೇವೆ. ಭಯ ಪೂರ್ತಿ ಹೋಗದು. ಆದರೆ ನಮ್ಮನ್ನು ಆಳದು.

ಇದರ ನಿಜವಾದ ಪರೀಕ್ಷೆ ಮನೆಯಲ್ಲಿದೆ. ದಿನವೆಲ್ಲ ದುಡಿದು ಬಂದ ತಾಯಿ ಊರಿನ ಸುದ್ದಿಯೊಂದನ್ನು ಹೇಳತೊಡಗುತ್ತಾರೆ. ಆಗ ಮೊಬೈಲನ್ನು ಕೆಳಗಿಟ್ಟು ಅವರ ಮುಖವನ್ನು ನೋಡುತ್ತ, ಮಾತು ಮುಗಿಯುವತನಕ ಕೇಳಬಲ್ಲೆವಾದರೆ ನಮ್ಮ ಧ್ಯಾನ ಫಲಿಸಿತೆಂದೇ ತಿಳಿಯಬೇಕು. ಗುಹೆಯನ್ನು ಹುಡುಕುವ ಶ್ರಮ ನಮಗೇಕೆ?