ಕಚ್ಚದ ದೀಪ

ಮಹಾಲಯ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿರುವಾಗಲೇ ಮೈಸೂರಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯತೊಡಗುತ್ತವೆ. ಪಟ್ಟದ ಗೊಂಬೆಗಳಿಗೆ ಸುತ್ತಿದ ಹಳೆಯ ಪಂಚೆಯ ತುಂಡನ್ನು ಬಿಡಿಸುವಾಗ ಏಳುವ ವಾಸನೆ, ಕರ್ಪೂರವೂ ಧೂಳೂ ಮರವೂ ಬೆರೆತದ್ದು, ಆ ಮನೆಗಳಲ್ಲಿ ಬೆಳೆದವರಿಗೆ ಹಬ್ಬದ ಮೊದಲನೆಯ ಸೂಚನೆ. ಗೊಂಬೆ ಕೂರಿಸುವ ಕೆಲಸವೆಲ್ಲ ಹೆಂಗಸರದು. ಗಂಡಸರ ಪಾಲಿಗೆ ಬರುವುದು ಎರಡೇ: ಪೆಟ್ಟಿಗೆಗಳನ್ನು ಇಳಿಸಿಕೊಡುವುದು, ದೀಪ ಹಾಕುವುದು. ಮೊದಲನೆಯದರಲ್ಲಿ ಸೊಂಟ ಹಿಡಿಯುವ ಭಯವೊಂದನ್ನುಳಿದು ಬೇರೆ ಅಪಾಯವಿಲ್ಲ. ಎರಡನೆಯದರಲ್ಲಿರುವ ಅಪಾಯವೇನೆಂಬುದು ರಾಯರಿಗೆ ೨೦೨೨ರ ದಸರೆಯಲ್ಲಿ ತಿಳಿಯಿತು.

ರಾಯರು ಮೂವತ್ತೆರಡು ವರ್ಷಕಾಲ ಹೈಸ್ಕೂಲಿನ ಹುಡುಗರಿಗೆ ವಿಜ್ಞಾನ ಹೇಳಿ ನಿವೃತ್ತರಾದವರು. ವಿದ್ಯುತ್ತಿನ ಪಾಠವನ್ನು ಎಷ್ಟು ಸಲ ಮಾಡಿದ್ದರೋ ಅವರಿಗೇ ಲೆಕ್ಕವಿಲ್ಲ. ಆದರೂ ಆ ವರ್ಷ ಪೇಟೆಯ ಬೀದಿಯಲ್ಲಿ ಗುಡ್ಡೆಹಾಕಿ ಮಾರುತ್ತಿದ್ದ ಸೀರಿಯಲ್ ಸೆಟ್ಟುಗಳ ಮಿನುಗಿಗೆ ಅವರೂ ಮನಸೋತರು. ನಾಲ್ಕನ್ನು ಕೊಂಡುತಂದು ಏಳು ಮೆಟ್ಟಿಲುಗಳಿಗೂ, ಮೆಟ್ಟಿಲುಗಳ ಮುಂದೆ ಹೂಡಿದ್ದ ‘ಪಾರ್ಕಿ’ಗೂ ಸುತ್ತಿದರು. ಈ ಪಾರ್ಕು ಮಕ್ಕಳ ರಾಜ್ಯ. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ ನಾಲ್ಕು ದಿನದಲ್ಲಿ ಹಸುರು ಹುಲ್ಲುಗಾವಲು; ನಡುವೆ ನೀರಿನ ಬಟ್ಟಲಿಟ್ಟರೆ ಕೆರೆ; ಕೆರೆಯ ದಡದಲ್ಲಿ ಚನ್ನಪಟ್ಟಣದ ಹಸು, ಆನೆ, ಎತ್ತಿನಗಾಡಿ. ರಾಗಿಗೆ ನೀರು ಹಾಕುವ ಅಧಿಕಾರ ಐದು ವರ್ಷದ ಮೊಮ್ಮಗಳದು.

ಮೂರನೆಯ ದಿನ ಸಂಜೆ ಅವಳು ಪುಟ್ಟ ಲೋಟದಿಂದ ನೀರು ಚೆಲ್ಲಿ, ಪೈರಿನ ನಡುವೆ ಹಾಯ್ದಿದ್ದ ತಂತಿಯನ್ನು ಒದ್ದೆಗೈಯಿಂದ ಪಕ್ಕಕ್ಕೆ ಸರಿಸಲು ಹೋದಳು. ಕೂಗಲಿಲ್ಲ, ಸುಮ್ಮನೆ ಹಿಂದಕ್ಕೆ ಬಿದ್ದಳು. ಕೈ ತಂತಿಯನ್ನು ಬಿಟ್ಟುಬಂದದ್ದೇ ಪುಣ್ಯ. ವೈದ್ಯರು ನೋಡಿ, ಬೆರಳಿನ ತುದಿಯಲ್ಲಿ ಸಣ್ಣದೊಂದು ಬಿಳಿಯ ಸುಟ್ಟ ಗಾಯದ ಹೊರತು ಮತ್ತೇನೂ ಇಲ್ಲವೆಂದರು. ಮಾತು ಬಂದಮೇಲೆ ಮಗು ಹೇಳಿದ್ದು ಒಂದೇ: “ತಾತ, ಅದು ಕಚ್ಚಿತು.”

ಸೊಸೆ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಂದು ರಾತ್ರಿ ಅವರೊಬ್ಬರೇ ಕುಳಿತು ಆ ಸರವನ್ನು ಬಿಚ್ಚಿ ನೋಡಿದರು. ಸಣ್ಣ ಸಣ್ಣ ಎಲ್.ಇ.ಡಿ.ಗಳನ್ನು ಒಂದರ ಹಿಂದೊಂದು ಪೋಣಿಸಿ, ನಡುವೆ ಯಾವ ಟ್ರಾನ್ಸ್‌ಫಾರ್ಮರೂ ಇಲ್ಲದೆ, ನೇರವಾಗಿ ಗೋಡೆಯ ೨೩೦ ವೋಲ್ಟಿಗೆ ಜೋಡಿಸಿದ ಸರ ಅದು. ಒಂದೊಂದು ದೀಪಕ್ಕೆ ಬೇಕಾದದ್ದು ಮೂರೇ ವೋಲ್ಟಾದರೂ ಸರದ ಯಾವುದೋ ಒಂದೆಡೆ ತಂತಿಯ ಹೊದಿಕೆ ಕಿತ್ತರೆ ಅಲ್ಲಿ ಗೋಡೆಯ ವಿದ್ಯುತ್ತೇ ಹೊರಕ್ಕೆ ಬಾಯಿ ತೆರೆದಂತೆ. ಹೊದಿಕೆಯೋ, ಉಗುರಿನಿಂದ ಗೀರಿದರೆ ಸುಲಿಯುವಷ್ಟು ತೆಳುವು. ಇದನ್ನೆಲ್ಲ ಕೊಳ್ಳುವ ಮುಂಚೆ ನೋಡುವುದಕ್ಕೆ ಅವರಿಗೆ ಎರಡು ನಿಮಿಷ ಸಾಕಾಗಿತ್ತು.

ಮರುದಿನವೇ ವೈರಿಂಗಿನವನನ್ನು ಕರೆಸಿ, ಮೂವತ್ತು ಮಿಲಿಯಾಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿ ನೆಲಕ್ಕೆ ಸೋರಿದರೂ ಕ್ಷಣಾರ್ಧದಲ್ಲಿ ಸರಬರಾಜನ್ನು ಕಡಿಯುವ ಇ.ಎಲ್.ಸಿ.ಬಿ.ಯನ್ನು ಮನೆಗೆ ಹಾಕಿಸಿದರು. ಹಳೆಯ ಮನೆಗಳಲ್ಲಿ ದೀಪದ ಅಲಂಕಾರಕ್ಕಿಂತ ಮುಂಚೆ ಆಗಬೇಕಾದ ಕೆಲಸ ಇದು. ಸಾಮಾನ್ಯವಾಗಿ ಆಗುವುದು ಆಮೇಲೆ.

ರಾಯರ ಪತ್ನಿ ಮಾತ್ರ ಖಂಡಿತವಾಗಿ ಹೇಳಿಬಿಟ್ಟರು: “ನೋಡಿ, ಇನ್ನು ಮೆಟ್ಟಿಲಿನ ಮೇಲೆ ಕರೆಂಟು ಬೇಡ. ನಮ್ಮಮ್ಮ ಎಣ್ಣೆಯ ದೀಪದಲ್ಲೇ ಗೊಂಬೆ ಕೂರಿಸುತ್ತಿರಲಿಲ್ಲವೆ?” ಆದರೆ ಎಣ್ಣೆಯ ದೀಪದ ಕಥೆಯನ್ನೂ ಆಕೆಯೇ ಹಿಂದೊಮ್ಮೆ ಹೇಳಿದ್ದುಂಟು. ತವರುಮನೆಯಲ್ಲಿ ಉರಿಯುವ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗಿ, ಮೆಟ್ಟಿಲಿಗೆ ಹಾಸಿದ್ದ ಬಿಳಿಯ ಪಂಚೆಗೆ ಬೆಂಕಿ ಹತ್ತಿ, ಒಂದು ಸಾಲು ಗೊಂಬೆಗಳೇ ಕರಿಯಾಗಿದ್ದವು. ಹಬ್ಬದ ದೀಪಕ್ಕೆ ಈ ಕಷ್ಟ ಎಲ್ಲ ದೇಶದಲ್ಲಿಯೂ ಇದ್ದದ್ದೇ. ಕ್ರಿಸ್ತಜಯಂತಿಯ ಮರಕ್ಕೆ ಮೇಣದಬತ್ತಿ ಅಂಟಿಸುವವರು ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡೇ ಹಚ್ಚುತ್ತಿದ್ದರು. ೧೮೮೨ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ಎಂಬವರು ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ೮೦ ವಿದ್ಯುದ್ದೀಪಗಳನ್ನು ಹಾಕಿ ಮೇಣದಬತ್ತಿಯನ್ನು ಬಿಡಿಸಿದರು. ಬೆಂಕಿ ಹೋಗಿ ತಂತಿ ಬಂತು. ಅಪಾಯ ಜಾಗ ಬದಲಾಯಿಸಿತೇ ಹೊರತು ಮನೆ ಬಿಟ್ಟು ಹೋಗಲಿಲ್ಲ.

ಆ ವರ್ಷದ ಉಳಿದ ಆರು ದಿನ ಗೊಂಬೆಗಳು ಹಜಾರದ ದೀಪದಲ್ಲಿಯೇ ಕುಳಿತಿದ್ದವು. ಮಗು ಮಾತ್ರ ಆ ಹಜಾರಕ್ಕೆ ಬರಲಿಲ್ಲ. ಹಬ್ಬ ಮುಗಿದ ಎಷ್ಟೋ ತಿಂಗಳ ಮೇಲೂ ಅವಳು ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಕತ್ತಲಾದರೆ ಯಾರಾದರೂ ಬಂದು ದೀಪ ಹಾಕುವವರೆಗೆ ಇದ್ದಲ್ಲಿಯೇ ನಿಲ್ಲುವಳು.

ಬೇಸಗೆಯ ಒಂದು ಸಂಜೆ ಬಚ್ಚಲುಮನೆಯಲ್ಲಿ ರಾಯರು ಅವಳಿಗೆ, ತಾವು ಪ್ರತಿ ವರ್ಷವೂ ತರಗತಿಯಲ್ಲಿ ತೋರಿಸುತ್ತಿದ್ದ ಒಂದು ಪ್ರಯೋಗವನ್ನು ತೋರಿಸಿದರು. ಪ್ಲಾಸ್ಟಿಕ್ ಸೀಸೆಯ ಪಕ್ಕದಲ್ಲಿ ಒಂದು ತೂತು. ಸೀಸೆಯ ತುಂಬ ನೀರು. ತೂತಿನ ಎದುರುಗಡೆಯಿಂದ ಬ್ಯಾಟರಿಯ ಬೆಳಕು. ಬಾಗಿಲು ಮುಚ್ಚಿ ಕತ್ತಲುಮಾಡಿದರೆ, ಬೆಳಕು ನೆಟ್ಟಗೆ ಹೋಗುವುದನ್ನು ಬಿಟ್ಟು ನೀರಿನ ಧಾರೆಯೊಡನೆ ಬಾಗಿ ಬಂದು ಕೆಳಗೆ ಒಡ್ಡಿದ ಅಂಗೈಯಲ್ಲಿ ಬೀಳುತ್ತದೆ. ಮಗು ಬಹಳ ಹೊತ್ತು ಅಂಗೈಯನ್ನೇ ನೋಡುತ್ತ ನಿಂತಿತು. “ಇದು ಕಚ್ಚುವುದಿಲ್ಲವೆ?” ಎಂದು ಕೇಳಿತು. ಒದ್ದೆಗೈಯಲ್ಲಿ ಬೆಳಕನ್ನು ಹಿಡಿದುಕೊಂಡೇ ಕೇಳಿದ ಪ್ರಶ್ನೆ ಅದು. ರಾಯರಿಗೆ ಮುಂದಿನ ನವರಾತ್ರಿಯ ದೀಪ ಹೇಗಿರಬೇಕೆಂಬುದು ಹೊಳೆದದ್ದು ಆಗ.

ಈ ಪ್ರಯೋಗ ಹಳೆಯದು. ೧೮೪೧ರಲ್ಲಿ ಜಿನೀವಾದ ಕೊಲಾಡನ್ ಇದನ್ನು ಮಾಡಿ ತೋರಿಸಿದ. ೧೮೫೪ರಲ್ಲಿ ಲಂಡನ್ನಿನ ಟಿಂಡಲ್ ತೋರಿಸಿ ಹೆಸರು ಪಡೆದ. ನೀರಿನಲ್ಲಿ ಸಾಗುವ ಬೆಳಕು ಧಾರೆಯ ಅಂಚನ್ನು ಓರೆಯಾಗಿ ತಾಕಿದಾಗ ಗಾಳಿಗೆ ಹೊರಬೀಳಲಾರದೆ ಒಳಕ್ಕೇ ಮರಳುತ್ತದೆ. ಹೀಗೆ ಅಂಚಿನಿಂದ ಅಂಚಿಗೆ ಪುಟಿಯುತ್ತ ಧಾರೆಯ ಕೊನೆಯವರೆಗೂ ಹೋಗುತ್ತದೆ. ನೀರಿನ ಧಾರೆಯ ಬದಲು ಗಾಜಿನ ಎಳೆಯಿದ್ದರೂ ನಡೆಯುವುದು ಇದೇ. ಬರಿಯ ಗಾಜಿನ ಎಳೆಗಾದರೋ ಒಂದು ದೋಷ: ಬೆರಳಿನ ಜಿಡ್ಡು ತಗಲಿದ ಕಡೆಯೆಲ್ಲ ಬೆಳಕು ಸೋರಿಹೋಗುತ್ತದೆ. ಅದಕ್ಕೆಂದು ಎಳೆಯ ಮೇಲೆ, ಬೆಳಕನ್ನು ಅದಕ್ಕಿಂತ ಕಡಿಮೆ ಬಾಗಿಸುವ ಇನ್ನೊಂದು ವಸ್ತುವಿನ ತೆಳುವಾದ ಕವಚವನ್ನು ತೊಡಿಸಿದರು. ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ೧೯೫೪ರಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸರೊಡನೆ ಸೇರಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿ ತೋರಿಸಿದರು. ಮುಂದೆ ೧೯೬೬ರಲ್ಲಿ ಚಾರ್ಲ್ಸ್ ಕಾವೊ ತೋರಿಸಿದ ದಾರಿಯಿಂದ ಲೋಕದ ಮಾತುಕತೆಯೆಲ್ಲ ಗಾಜಿನ ಎಳೆಗಳಲ್ಲಿ ಹರಿಯುವಂತಾಯಿತು. ರಾಯರಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ವಿದ್ಯುತ್ತು ಗೋಡೆಯ ಬಳಿಯಲ್ಲೇ ನಿಲ್ಲಬೇಕು, ಬೆಳಕು ಮಾತ್ರ ಗೊಂಬೆಗಳವರೆಗೆ ಬರಬೇಕು.

ಇದಕ್ಕೆ ಗಾಜು ಬೇಡ. ಅಕ್ರಿಲಿಕ್ಕಿನ ಎಳೆ ಸಾಕು. ಮುಕ್ಕಾಲು ಮಿಲಿಮೀಟರು ದಪ್ಪದ ಎಳೆಯನ್ನು ಅವರು ಎರಡು ಎರಡು ಮೀಟರಿನಂತೆ ನೂರು ತುಂಡು ಮಾಡಿಕೊಂಡರು: ಮೆಟ್ಟಿಲಿಗೆ ಹನ್ನೆರಡರಂತೆ ೮೪, ಪಾರ್ಕಿಗೆ ೧೬. ನೂರೂ ಸೇರಿದರೆ ಕಿರುಬೆರಳಿಗಿಂತ ದಪ್ಪವಿಲ್ಲ. ಕಿಲೋಮೀಟರುಗಟ್ಟಲೆ ಹೋಗಬೇಕಾದರೆ ಅಕ್ರಿಲಿಕ್ಕು ಬೆಳಕನ್ನು ನುಂಗಿಬಿಡುತ್ತದೆ. ಎರಡು ಮೀಟರಿನಲ್ಲಿ ಅದು ನುಂಗುವುದು ನೂರಕ್ಕೆ ಹತ್ತರಷ್ಟೂ ಇಲ್ಲ.

ಮೊದಲನೆಯ ಪ್ರಯತ್ನ ಕೆಟ್ಟಿತು. ಮನೆಯಲ್ಲಿ ಬಿದ್ದಿದ್ದ ಹಳೆಯ ಪ್ರೊಜೆಕ್ಟರಿನ ೫೦ ವಾಟಿನ ಹ್ಯಾಲೊಜೆನ್ ಬಲ್ಬನ್ನು ಕಟ್ಟಿನ ಮುಂದಿಟ್ಟರು. ಕಾಲು ಗಂಟೆಯಲ್ಲಿ ಎಳೆಗಳ ತುದಿ ಕರಗಿ ಒಂದೇ ಕರಿಯ ಮುದ್ದೆಯಾಗಿ, ಮನೆಯೆಲ್ಲ ನಾತ. ಅಕ್ರಿಲಿಕ್ಕು ಎಪ್ಪತ್ತು ಡಿಗ್ರಿಯ ಮೇಲೆ ತಾಳದೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದವರೇ ಇಂಥದನ್ನು ಮಾಡುವುದು ಹೆಚ್ಚು. ಎರಡನೆಯ ಸಲ ೩ ವಾಟಿನ ಎಲ್.ಇ.ಡಿ. ತಂದು, ಅದರ ಬೆನ್ನಿಗೆ ಶಾಖ ಹೀರುವ ಅಲ್ಯೂಮಿನಿಯಂ ಕೂರಿಸಿ, ಎಳೆಗಳ ಕಟ್ಟನ್ನು ಅದರ ಮುಂದೆ ಸ್ವಲ್ಪ ಅಂತರದಲ್ಲಿ ನಿಲ್ಲಿಸಿದರು. ಇವೆಲ್ಲವನ್ನೂ ಅಡಿಗೆಮನೆಯ ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟು, ಗಾಳಿಯಾಡಲು ಡಬ್ಬಿಗೆ ತೂತು ಕೊರೆದರು. ಅದು ಕೊಬ್ಬರಿಯ ಡಬ್ಬಿಯಾಗಿತ್ತೆಂಬುದು ತೂತು ಕೊರೆದಮೇಲೆ ಗೊತ್ತಾಯಿತು. ಡಬ್ಬಿಗೆ ಬರುವುದು ೫ ವೋಲ್ಟು ಮಾತ್ರ. ನಡುವೆ ಒಂದು ಫ್ಯೂಸು. ಗೋಡೆಯ ವಿದ್ಯುತ್ತನ್ನು ೫ ವೋಲ್ಟಿಗೆ ಇಳಿಸುವ ಅಡಾಪ್ಟರು ಮಗುವಿನ ಕೈಗೆಟುಕದ ಎತ್ತರದಲ್ಲಿ, ಪಕ್ಕದ ಕೋಣೆಯ ಬಾಗಿಲ ಮೇಲೆ. ಆರು ಗಂಟೆ ಉರಿಸಿ ಮುಟ್ಟಿ ನೋಡಿದರೆ ಡಬ್ಬಿ ಬೆಚ್ಚಗಿತ್ತು, ಅಷ್ಟೆ.

ಆದರೂ ಬೆಳಕು ಮಂಕು. ಕತ್ತರಿಯಿಂದ ಕತ್ತರಿಸಿದ ಎಳೆಯ ತುದಿ ನಜ್ಜುಗುಜ್ಜಾಗಿ ಬೆಳಕನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹೊಸ ಬ್ಲೇಡಿನಿಂದ ನೇರವಾಗಿ ಕೊಯ್ದು, ನೀರು ಹಾಕಿಕೊಂಡು ಬರಬರುತ್ತ ನಯವಾದ ಉಪ್ಪುಕಾಗದಗಳ ಮೇಲೆ ಉಜ್ಜಿದ ಮೇಲೆ ಒಂದೊಂದು ತುದಿಯೂ ನಕ್ಷತ್ರದಂತೆ ಕಣ್ಣು ಬಿಟ್ಟಿತು. ಎಳೆಯನ್ನು ಮೆಟ್ಟಿಲಿನ ಮೂಲೆಗೆ ಮಡಿಸಿದರೆ ಮಡಿಕೆಯಲ್ಲೇ ಬೆಳಕು ಚೆಲ್ಲಿಹೋಗುತ್ತದೆಂಬುದನ್ನೂ ಕಲಿತು, ತಿರುವುಗಳನ್ನೆಲ್ಲ ಬಳೆಯ ಅಗಲಕ್ಕೆ ಸಡಿಲಿಸಿದರು. ಅದೇ ದೋಷವನ್ನು ಪಾರ್ಕಿನಲ್ಲಿ ಗುಣವಾಗಿ ಬಳಸಿಕೊಂಡದ್ದು ಅವರ ಜಾಣತನ: ನಾಲ್ಕು ಎಳೆಗಳ ಮೈಯನ್ನು ಉಪ್ಪುಕಾಗದದಿಂದ ಗೀರಿದಾಗ ಮೈಯುದ್ದಕ್ಕೂ ಬೆಳಕು ಸೋರಿ, ಕೆರೆಗೆ ಹರಿದು ಬರುವ ಕಾಲುವೆಯಾಯಿತು. ತುದಿಗಳು ನೀರಿನೊಳಗೇ ಇದ್ದವು. ಕತ್ತರಿಸಿದ ಚೂರುಗಳು ಮಾತ್ರ ಮುಳ್ಳಿನಂತೆ ಕಾಲಿಗೆ ಚುಚ್ಚುತ್ತವೆ. ಹಜಾರವನ್ನು ಮೂರು ಸಲ ಗುಡಿಸಬೇಕಾಯಿತು, ಗುಡಿಸಿದವರು ರಾಯರಲ್ಲ.

ಇಷ್ಟಾದಮೇಲೆ ಗೊಂಬೆಯ ಒಡತಿಯ ಒಪ್ಪಿಗೆ. ರಾಯರು ಹುರುಪಿನಿಂದ ದೀಪದ ಮುಂದೆ ಒಂದು ಪುಟ್ಟ ಮೋಟಾರನ್ನೂ ಬಣ್ಣದ ಚಕ್ರವನ್ನೂ ಇಟ್ಟಿದ್ದರು. ಆಕೆ ಒಂದು ಗಳಿಗೆ ನೋಡಿ, “ರಾಣಿಯೇನು ಗೋಸುಂಬೆಯೆ, ಗಳಿಗೆಗೊಂದು ಬಣ್ಣ ತಾಳುವುದಕ್ಕೆ?” ಎಂದರು. ಚಕ್ರ ಹೋಯಿತು. ಆಕೆಗೆ ಬೇಕಾದದ್ದು ತುಪ್ಪದ ದೀಪದ ಬಣ್ಣ, ಅಲುಗದ ಬೆಳಕು. ಅದೂ ಪಟ್ಟದ ಗೊಂಬೆಗಳ ಮುಖಕ್ಕೆ ಕೆಳಗಿನಿಂದ ಬೀಳಕೂಡದು. ಕೆಳಗಿನಿಂದ ಬಿದ್ದರೆ ರಾಜನೂ ರಾಕ್ಷಸನಂತೆ ಕಾಣುತ್ತಾನೆ. ಮತ್ತೆ, ಸರಸ್ವತಿಯ ಪೂಜೆಯ ದಿನ ಬೆಳಕು ಪುಸ್ತಕಗಳ ಕಡೆಗೆ, ಆಯುಧಪೂಜೆಯ ದಿನ ಇನ್ನೊಂದು ಕಡೆಗೆ. “ಪ್ರತಿಸಲವೂ ನಿಮ್ಮನ್ನು ಕೂಗುತ್ತ ಕೂತಿರಲೆ?” ಆಗ ರಾಯರು ಮೆಟ್ಟಿಲುಗಳ ಹಿಂದೆ ತೂತು ಕೊರೆದ ಮರದ ಪಟ್ಟಿಗಳನ್ನು ನಿಲ್ಲಿಸಿ, ಎಳೆಯನ್ನು ಬೇಕಾದ ತೂತಿನಿಂದ ತೆಗೆದು ಬೇಕಾದ ತೂತಿಗೆ ಸಿಕ್ಕಿಸುವಂತೆ ಮಾಡಿದರು. ಬಣ್ಣಕ್ಕೆ ಡಬ್ಬಿಯಲ್ಲೊಂದು ಸೀಳು. ಅದರಲ್ಲಿ ಜಾರಿಸಲು ಬಣ್ಣದ ಹಾಳೆಗಳು. ವಿದ್ಯುತ್ತಿರುವ ಯಾವುದನ್ನೂ ಮುಟ್ಟದೆ ದೀಪದ ಏರ್ಪಾಟನ್ನೆಲ್ಲ ಆಕೆಯೇ ಬದಲಾಯಿಸಬಹುದು. ನಿಜವಾದ ಜಾಣತನ ಇದರಲ್ಲಿದೆ. ಆದರೆ ಇದು ರಾಯರದಲ್ಲ, ಆಕೆಯ ಹಟದ್ದು. ನಂದಾದೀಪದ ವಿಷಯದಲ್ಲಿ ಮಾತ್ರ ಆಕೆ ಬಗ್ಗಬೇಕಾಯಿತು. ಅಕ್ರಿಲಿಕ್ಕು ಹತ್ತಿಕೊಂಡರೆ ಚೆನ್ನಾಗಿಯೇ ಉರಿಯುವ ಪದಾರ್ಥ. ಆದುದರಿಂದ ಎಣ್ಣೆಯ ದೀಪ ಮೆಟ್ಟಿಲಿನಿಂದ ಇಳಿದು ಮೂರು ಮೊಳ ದೂರದ ಕಲ್ಲಿನ ಮೇಲೆ ಕುಳಿತಿತು.

೨೦೨೩ರ ನವರಾತ್ರಿಯ ಮೊದಲನೆಯ ಸಂಜೆ ಮಗು ಹಜಾರದ ಬಾಗಿಲವರೆಗೆ ಬಂದು ಕಂಬ ಹಿಡಿದು ನಿಂತಿತು. ರಾಯರು ಉರಿಯುವ ಎಳೆಯೊಂದನ್ನು ಎತ್ತಿ, ನೀರಿನಲ್ಲಿ ಅದ್ದಿ, ಅಂಗೈಗೆ ಒತ್ತಿ, ಕೊನೆಗೆ ನಾಲಗೆಯ ಮೇಲೂ ಇಟ್ಟುಕೊಂಡು ತೋರಿಸಿದರು. “ದೇವರ ಮುಂದೆ ಎಂಜಲು ಮಾಡಬೇಡಿ” ಎಂದು ಒಳಗಿನಿಂದ ಮಾತು ಬಂತು. ಮಗು ನಕ್ಕಿತು, ಒಳಕ್ಕೆ ಮಾತ್ರ ಬರಲಿಲ್ಲ.

ಮೂರನೆಯ ದಿನ ನೆರೆಮನೆಯ ಮಕ್ಕಳು ಗೊಂಬೆ ಬಾಗಿನಕ್ಕೆ ಬಂದು ಹೋದಮೇಲೆ ನೋಡಿದರೆ ದೇವಿಯ ಕಿರೀಟದ ಹಿಂದೆ ಒಂದು ನಕ್ಷತ್ರ ಕಡಿಮೆಯಾಗಿತ್ತು. ಅದು ಕೆಳಗಿನ ಮೆಟ್ಟಿಲಿನಲ್ಲಿ, ಅಕ್ಕಿ ಬೇಳೆಯ ಅಂಗಡಿಯಿಟ್ಟು ಕುಳಿತ ಡೊಳ್ಳುಹೊಟ್ಟೆಯ ಶೆಟ್ಟಿಯ ತಕ್ಕಡಿಯ ಮೇಲೆ ಉರಿಯುತ್ತಿತ್ತು. ಮಗು ಪಕ್ಕದಲ್ಲೇ ಕುಳಿತಿದ್ದಳು. “ಶೆಟ್ಟಿಗೆ ಕತ್ತಲೆಯಲ್ಲಿ ತೂಕ ಕಾಣುವುದಿಲ್ಲ, ಅಜ್ಜಿ. ದೇವರಿಗೆ ಬೇಕಾದಷ್ಟಿದೆ” ಎಂದಳು. ಅಜ್ಜಿ ಅದನ್ನು ತೆಗೆಯಲಿಲ್ಲ.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತಲೆಯೆತ್ತಿ ಬಾಗಿಲ ಮೇಲಿನ ಅಡಾಪ್ಟರನ್ನು ಒಮ್ಮೆ ನೋಡಿದಳು. ಎಳೆಗಳ ಕಟ್ಟು ಹಾದುಬಂದ ದಾರಿಯನ್ನು ಕಣ್ಣಿನಲ್ಲೇ ಹಿಡಿದು ಪಾರ್ಕಿನವರೆಗೆ ಬಂದಳು. ಆಮೇಲೆ ಒಳಕ್ಕೆ ಹೋಗಿ, ಹಿಂದಿನ ವರ್ಷದ ಆ ಪುಟ್ಟ ಲೋಟದಲ್ಲಿ ನೀರು ತುಂಬಿ ತಂದು ಮಗಳ ಕೈಗೆ ಕೊಟ್ಟು, “ರಾಗಿ ಒಣಗಿದೆ, ಹಾಕು” ಎಂದಳು.